ಸಹಾಯ ಬೇಕು: ಗ್ರಂಥಾಲಯದಲ್ಲಿ ತಪಸ್ಸುಕಾಲವನ್ನು (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಯ ಕಾಲ) ಮಕ್ಕಳಿಗೆ ಹೇಗೆ ತೋರಿಸುವುದು?

ಎಲ್ಲರಿಗೂ ನಮಸ್ಕಾರ. ನಾನು ಕಥೋಲಿಕ ಶಾಲೆಯೊಂದರ ಗ್ರಂಥಾಲಯವನ್ನು ನೋಡಿಕೊಳ್ಳುತ್ತೇನೆ. ಧರ್ಮಸಭೆಯ ಪೂಜಾವರ್ಷಕ್ಕೆ, ಅಂದರೆ ಹಬ್ಬಗಳ ವಾರ್ಷಿಕ ಕ್ರಮಕ್ಕೆ, ಹೊಂದುವಂತೆ ಪುಸ್ತಕ ಪ್ರದರ್ಶನ ಮತ್ತು ಸಣ್ಣ ಚಟುವಟಿಕೆಗಳನ್ನು ನಡೆಸುತ್ತಿದ್ದೇನೆ.

ಕ್ರಿಸ್ಮಸ್ ಹಬ್ಬಕ್ಕೆ ಸಿದ್ಧರಾಗುವ ಆಗಮನ ಕಾಲ ನನಗೆ ಕಷ್ಟವಾಗಲಿಲ್ಲ. ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಮೇಣದಬತ್ತಿಗಳನ್ನು ಕಾಗದದಲ್ಲೇ ಮಾಡಿದೆವು. ಪುಸ್ತಕಗಳ ನಡುವೆ ಬೆಂಕಿ ಬೇಡವೆಂದು ಭಾನುವಾರ ಕಳೆದಂತೆ ಒಂದೊಂದು ಕಾಗದದ ಜ್ವಾಲೆ ಅಂಟಿಸಿದೆವು. ಪಕ್ಕದಲ್ಲಿ, ಯೇಸುವಿನ ಜನನದವರೆಗಿನ ಬೈಬಲ್ ಕಥೆಗಳನ್ನು ಸಂಕೇತಗಳಲ್ಲಿ ತೋರಿಸುವ ಜೆಸ್ಸೆ ವೃಕ್ಷವೆಂದು ಒಣಕೊಂಬೆಯೊಂದನ್ನು ನಿಲ್ಲಿಸಿದೆ. ನೋಹನ ನಾವೆ, ಯೋಸೇಫನ ನಿಲುವಂಗಿ, ದಾವೀದನ ಕಿನ್ನರಿ ಹೀಗೆ ದಿನಕ್ಕೊಂದು ಸಂಕೇತ. ಆ ಕಥೆಯನ್ನು ಓದಿ ಹೇಳಿದ ಮಗುವೇ ಅದನ್ನು ಕೊಂಬೆಗೆ ಕಟ್ಟಬೇಕು. ಸದಾ ಹಿಂದೆ ಕುಳಿತುಕೊಳ್ಳುತ್ತಿದ್ದ ಮಕ್ಕಳೂ ತಮ್ಮ ಸರದಿಗಾಗಿ ಕಾದರು. ಅಸಿಸ್ಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಗೋದಲಿ (ಯೇಸುವಿನ ಜನನದ ದೃಶ್ಯ) ಏರ್ಪಡಿಸಿದ ಸಂಗತಿ ಅವರಿಗೆ ಬಹಳ ಹಿಡಿಸಿತು. ಸೆಪ್ಟೆಂಬರ್ 30, ಗ್ರಂಥಪಾಲಕರ ಪಾಲಕ ಸಂತ ಜೆರೋಮರ ಹಬ್ಬ. ಅದಕ್ಕೂ ಒಂದು ಕಪಾಟು ಮೀಸಲಿದೆ.

ತೊಡಕಿರುವುದು ತಪಸ್ಸುಕಾಲದಲ್ಲಿ. ಆ ನಲವತ್ತು ದಿನಗಳಿಗೆ ಅಲಂಕಾರ ಸಲ್ಲದು, ಆದರೆ ಬರಿದಾದ ಗೋಡೆಯನ್ನು ಮಕ್ಕಳು ನೋಡುವುದೂ ಇಲ್ಲ. ಪ್ರಾರ್ಥನೆ, ಉಪವಾಸ, ದಾನ ಈ ಮೂರಕ್ಕೂ ಒಂದೊಂದು ಬುಟ್ಟಿ ಪುಸ್ತಕ ಇಡಬೇಕೆಂದಿದ್ದೇನೆ. ಉಪವಾಸದ ಬುಟ್ಟಿಗೆ ಎಂತಹ ಕಥೆಗಳು ಒಪ್ಪುತ್ತವೆ? ಅನ್ಯಧರ್ಮದ ಮಕ್ಕಳಿಗೆ ಹೊರಗುಳಿದ ಭಾವನೆ ಬರದಂತೆ ಏನು ಮಾಡುತ್ತೀರಿ? ಇನ್ನೊಂದು ವಿಷಯ: ಪಾಸ್ಕ (ಈಸ್ಟರ್) ಕಾಲ ಪವಿತ್ರಾತ್ಮರ ಆಗಮನದ ಹಬ್ಬವಾದ ಪೆಂತೆಕೋಸ್ತ್‌ವರೆಗೆ ಐವತ್ತು ದಿನ ಇರುತ್ತದೆ, ನಮ್ಮಲ್ಲಿ ಮಾತ್ರ ವಾರದೊಳಗೆ ಎಲ್ಲವನ್ನೂ ಕಳಚಿಬಿಡುತ್ತೇವೆ. ಅದನ್ನು ಕೊನೆಯವರೆಗೆ ಜೀವಂತವಾಗಿಟ್ಟವರು ದಯವಿಟ್ಟು ವಿವರವಾಗಿ ಬರೆಯಿರಿ.