‘ಸ್ವರ ಬಿದ್ದಿದೆ’ ಅಂದರೆ ಬೈದ ಹಾಗೆಯೇ? ಜತೆಗೆ ‘ಕವರ್’ ಎಂಬ ತೊಟ್ಟೆ

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ಅದು ಮೂರ್ನಾಲ್ಕು ಪದ ಆಯಿತು. ಸ್ವಲ್ಪ ಸಹಿಸಿಕೊಳ್ಳಿ.

ಸಂಗತಿ ಇಷ್ಟು. ಎಪ್ಪತ್ತು ದಾಟಿದ ಒಬ್ಬ ಹಿರಿಯ ಗಾಯಕಿ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿದ ವಿಡಿಯೊ ನಮ್ಮ ವಾಟ್ಸಾಪ್ ಗುಂಪಿಗೆ ಬಂತು. ಅವರ ಹೆಸರು ಬೇಡ, ಚರ್ಚೆ ಪದದ್ದು. ಗುಂಪಿನಲ್ಲಿ ಅರ್ಧ ಜನ ಉಡುಪಿ, ಮಂಗಳೂರು ಕಡೆಯವರು. ಉಳಿದವರು ಬೆಂಗಳೂರು, ಮೈಸೂರು, ಒಬ್ಬಿಬ್ಬರು ಧಾರವಾಡದವರು. ಎಲ್ಲರೂ ಆ ಗಾಯಕಿಯ ಹಳೆಯ ಅಭಿಮಾನಿಗಳೇ.

ಹರಿದಾಸ ವ್ಯಾಸರಾಯರ ಈ ಪದ, ಅಂದರೆ ಹಾಡು, ಯಾರಿಗೆ ಗೊತ್ತಿಲ್ಲ? ಯಮುನಾ ಕಲ್ಯಾಣಿ ರಾಗದಲ್ಲಿ ಕೇಳಿ ಕೇಳಿ ಕಿವಿಗೆ ಕೂತುಬಿಟ್ಟಿದೆ. ಇವರು ಅದನ್ನು ತುಂಬಾ ನಿಧಾನಕ್ಕೆ ತಂದಿದ್ದಾರೆ. ಶ್ರುತಿಯನ್ನೂ ಇಳಿಸಿಕೊಂಡಿದ್ದಾರೆ. ವಯಸ್ಸಾದ ಹಾಗೆ ಹೆಂಗಸರ ದನಿ ತಗ್ಗುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಕೊನೆಯ ಚರಣದಲ್ಲಿ ‘ನಮ್ಮ ಉಡುಪಿ’ ಅಂತ ಬರುತ್ತದಲ್ವಾ, ಅಲ್ಲಿ ನಿಂತುಬಿಟ್ಟರು. ‘ನಮ್ಮ’ ಅನ್ನುವ ಎರಡೇ ಅಕ್ಷರವನ್ನು ಮೂರು ಸಲ ಹೇಳಿದರು, ಮೂರೂ ಬೇರೆ ಬೇರೆ. ರಥಬೀದಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೆ ಗಂಟಲು ಕಟ್ಟಿತು.

ಆಮೇಲೆ ಶುರುವಾಯಿತು ಗಲಾಟೆ. ನಮ್ಮೂರಿನ ಒಬ್ಬರು ಬರೆದರು: ‘ಅಮ್ಮನ ಸ್ವರ ಸ್ವಲ್ಪ ಬಿದ್ದಿದೆ, ಆದರೂ ಎಂತ ಪದ ಮಾರಾಯ್ರೆ!’ ಹತ್ತು ನಿಮಿಷದಲ್ಲಿ ಬೆಂಗಳೂರಿನ ಒಬ್ಬರಿಂದ ಖಾರವಾದ ಉತ್ತರ. ‘ಸ್ವರ ಎಲ್ಲಿ ಬಿದ್ದಿದೆ ತೋರಿಸಿ. ಒಂದೊಂದು ಸ್ವರವೂ ಸ್ಥಾನದಲ್ಲೇ ನಿಂತಿದೆ. ಸಂಗೀತ ಗೊತ್ತಿಲ್ಲದೆ ಮಾತಾಡಬೇಡಿ.’ ನಮ್ಮವರಿಗೆ ತಲೆಬುಡ ಅರ್ಥವಾಗಲಿಲ್ಲ. ಹೊಗಳಿದ್ದಕ್ಕೆ ಯಾಕೆ ಬೈಗುಳ?

ಇದು ಜಗಳವೇ ಅಲ್ಲ, ಪದದ ಗೊಂದಲ. ನಮ್ಮ ಕಡೆ ‘ಸ್ವರ’ ಅಂದರೆ ದನಿ. ಫೋನಿನಲ್ಲಿ ‘ನಿಮ್ಮ ಸ್ವರ ಕೇಳುವುದಿಲ್ಲ’ ಅನ್ನುತ್ತೇವೆ. ನೆಗಡಿಯಾದರೆ ‘ಸ್ವರ ಬಿದ್ದಿದೆ’. ಮಗು ದೊಡ್ಡದಾಗಿ ಅತ್ತರೆ ‘ಎಂತ ಸ್ವರ ಅದಕ್ಕೆ!’ ತುಳುವಿನಲ್ಲೂ ಹಾಗೆಯೇ. ಗಡಿಯ ಆಚೆ ಮಲಯಾಳದಲ್ಲೂ ‘ಸ್ವರಂ’ ಅಂದರೆ ದನಿ ಆಗುತ್ತದೆ. ಯಕ್ಷಗಾನದವರ ಬಾಯಲ್ಲಿ ‘ಸ್ವರಭಾರ’ ಅನ್ನುವ ಚಂದದ ಮಾತೊಂದಿದೆ. ‘ವೇಷ ಸಣ್ಣದು, ಆದರೆ ಸ್ವರಭಾರ ಉಂಟು’ ಅಂದರೆ ಮಾತಿಗೆ ಬಾಯಿ ಬಿಟ್ಟಾಗ ರಂಗಸ್ಥಳ ತುಂಬುವಂಥ ದನಿ ಅಂತ. ಅದಕ್ಕೂ ಸರಿಗಮಕ್ಕೂ ಏನೂ ಸಂಬಂಧ ಇಲ್ಲ.

ಘಟ್ಟದ ಮೇಲೆ ಸ್ವರ ಅಂದರೆ ಮೊದಲು ಸರಿಗಮದ ಸ್ವರ. ಶಾಲೆಯಲ್ಲಾದರೆ ಅ, ಆ, ಇ, ಈ. ದನಿಗೆ ಅವರು ‘ಧ್ವನಿ’ ಅನ್ನುತ್ತಾರೆ, ‘ಕಂಠ’ ಅನ್ನುತ್ತಾರೆ. ಹಾಗಂತ ನಮ್ಮದೇನೂ ತಪ್ಪು ಬಳಕೆ ಅಲ್ಲ. ಸಂಸ್ಕೃತದಲ್ಲೇ ಸ್ವರಕ್ಕೆ ಸದ್ದು, ದನಿ ಅನ್ನುವ ಅರ್ಥಗಳಿವೆ. ಕರಾವಳಿ ಅದನ್ನು ಉಳಿಸಿಕೊಂಡಿದೆ, ಅಷ್ಟೆ. ಆದರೆ ಹಾಡುಗಾರರ ಬಗ್ಗೆ ಬರೆಯುವಾಗ ಈ ಎರಡು ಅರ್ಥ ಡಿಕ್ಕಿ ಹೊಡೆಯುತ್ತವೆ. ಬಡಗಿಯ ಬಗ್ಗೆ ‘ಸ್ವರ ಬಿದ್ದಿದೆ’ ಅಂದರೆ ಯಾರಿಗೂ ನೋವಿಲ್ಲ. ಗಾಯಕಿಯ ಬಗ್ಗೆ ಅಂದರೆ ಮರ್ಯಾದೆಯ ಪ್ರಶ್ನೆ!

ಸಂಗೀತ ವಿಮರ್ಶೆ ಬರೆಯುವವರು ಇದಕ್ಕೆ ‘ಶಾರೀರ’ ಎಂಬ ಪದ ಇಟ್ಟುಕೊಂಡಿದ್ದಾರೆ. ‘ಶಾರೀರ ಸಹಕರಿಸಲಿಲ್ಲ’ ಅಂದರೆ ಗಂಟಲು ಕೈಕೊಟ್ಟಿತು ಅಂತ, ಸ್ವಲ್ಪ ನಾಜೂಕಾಗಿ. ಒಳ್ಳೆಯ ಪದವೇ. ಆದರೆ ಮೊಬೈಲಿನಲ್ಲಿ ಒತ್ತುವಾಗ ಒಂದು ದೀರ್ಘ ಬಿಟ್ಟುಹೋಗಿ, ನಮ್ಮ ಗುಂಪಿನ ಒಬ್ಬ ಹಿರಿಯರು ‘ಈ ವಯಸ್ಸಿನಲ್ಲೂ ಎಂಥ ಶರೀರ!’ ಅಂತ ಕಳಿಸಿಬಿಟ್ಟರು. ಅವರ ಮನೆಯವರೂ ಅದೇ ಗುಂಪಿನಲ್ಲಿದ್ದಾರೆ. ಮುಂದಿನದ್ದು ನಾನು ಹೇಳುವುದಿಲ್ಲ.

ಇನ್ನೊಂದು ಅದಕ್ಕಿಂತ ಜೋರು. ಮಂಗಳೂರಿನ ಹುಡುಗನೊಬ್ಬ ‘ಭಾರೀ ಶೋಕು’ ಅಂತ ಹಾಕಿದ. ನಮ್ಮಲ್ಲಿ ಶೋಕು ಅಂದರೆ ಚಂದ, ಲಾಯ್ಕು. ಧಾರವಾಡದವರು ತಕ್ಷಣ ಕೇಳಿದರು: ‘ಅಯ್ಯೋ, ಯಾವಾಗ? ನಿನ್ನೆ ಚಲೋ ಇದ್ರಲ್ರೀ!’ ಈ ಶೋಕು ‘ಷೋಕಿ’ಯ ಬಳಗದ್ದು, ದುಃಖದ ಶೋಕದ್ದಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರು ಕೈಮುಗಿಯುವ ಚಿತ್ರ ಹಾಕಿ ಆಗಿತ್ತು.

ಸರಿ, ಇನ್ನು ‘ಕವರ್’. ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ಬಗೆಯಲ್ಲಿ ಹಾಡಿದರೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ.

ಗುಂಪಿನ ಎಳೆಯರು ಎಲ್ಲರೂ ‘ಕವರ್ ಸೂಪರ್’, ‘ಬೆಸ್ಟ್ ಕವರ್’ ಅಂತಲೇ ಬರೆದದ್ದು. ಸಂಜೆ ಗೋಳಿಬಜೆ ತಿನ್ನುತ್ತಾ ನಮ್ಮ ನಿವೃತ್ತ ಮಾಷ್ಟ್ರಿಗೆ ಇದನ್ನು ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ, ‘ಕವರ್ ಅಂದ್ರೆ ಎಂತ? ತೊಟ್ಟೆಯಾ?’ ಅಂದರು. ಗೊತ್ತಿಲ್ಲದವರಿಗೆ: ಬೆಂಗಳೂರಿನ ಅಂಗಡಿಯಲ್ಲಿ ‘ಕವರ್ ಕೊಡಿ’ ಅಂತ ಕೇಳುವ ಪ್ಲಾಸ್ಟಿಕ್ ಚೀಲ ನಮ್ಮಲ್ಲಿ ‘ತೊಟ್ಟೆ’. ಅವತ್ತಿನಿಂದ ನಮ್ಮ ಮನೆಯಲ್ಲಿ ಕವರ್ ಸಾಂಗಿಗೆ ತೊಟ್ಟೆ ಪದ ಅಂತಲೇ ಹೆಸರು.

ತಮಾಷೆ ಇರಲಿ. ಮಾಷ್ಟ್ರು ಆಮೇಲೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. ‘ಮೂಲ ಯಾವುದು ಅಂತ ಗೊತ್ತಿದ್ದರೆ ತಾನೆ ಇದು ಕವರ್ ಅಂತ ಹೇಳುವುದು? ವ್ಯಾಸರಾಯರು ಹೇಳಿದ್ದನ್ನು ನೀವು ಕೇಳಿದ್ದೀರಾ?’

ಹೌದಲ್ಲ! ಸಿನಿಮಾ ಹಾಡಿಗೆ ಮೂಲ ಇದೆ, ಮೊದಲ ರೆಕಾರ್ಡ್ ಇದೆ. ಕಾಯ್ದೆಯೂ ಹಾಗೇ ನೋಡುತ್ತದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮಿನಲ್ಲಿ ಕವರ್‌ಗೆ ಪರವಾನಗಿ ಸಿಗಬೇಕಾದರೆ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ದಾಸರ ಪದಕ್ಕೆ ಆ ಲೆಕ್ಕ ಎಲ್ಲಿಂದ ಹಿಡಿಯುವುದು? ವ್ಯಾಸರಾಯರು ತೀರಿಕೊಂಡದ್ದು 1539ರಲ್ಲಿ. ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ 1850ರ ಸುಮಾರಿಗೆ ದಾಸರ ಪದಗಳನ್ನು ಇಲ್ಲೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮಾತು ಪುಸ್ತಕಕ್ಕೆ ಹೋಯಿತು, ಹಾಡುವ ಬಗೆ ಬಾಯಲ್ಲೇ ಉಳಿಯಿತು. ಈ ಪದಕ್ಕೆ ಭರತನಾಟ್ಯದ ಟಿ. ಬಾಲಸರಸ್ವತಿ ಅಭಿನಯಿಸಿದ್ದು ಒಂದು ಬಗೆ. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಗಿಟಾರ್ ಇಟ್ಟುಕೊಂಡು ಹಾಡಿದ್ದು ಇನ್ನೊಂದು. ನನ್ನ ಅಜ್ಜಿ ತುಳಸಿಕಟ್ಟೆಯ ಎದುರು ಹೇಳುತ್ತಿದ್ದದ್ದು ಮತ್ತೊಂದು. ಇದರಲ್ಲಿ ಯಾವುದು ಯಾವುದರ ಕವರ್?

‘ಹೇಳುತ್ತಿದ್ದದ್ದು’ ಅಂತ ಬರೆದೆ, ನೋಡಿ. ಬೇಕೆಂದೇ ಬರೆದದ್ದು. ನಮ್ಮಲ್ಲಿ ಪದ ಹಾಡುವುದಕ್ಕಿಂತ ‘ಹೇಳುವುದು’ ಜಾಸ್ತಿ. ಯಕ್ಷಗಾನದ ಹಾಡುಗಾರರಾದ ಭಾಗವತರು ಪದ ಹೇಳುತ್ತಾರೆ. ತುಳುವಿನಲ್ಲೂ ಪದ ‘ಪನ್ಪುನಿ’, ಅಂದರೆ ಹೇಳುವುದೇ. ಒಂದೇ ಪ್ರಸಂಗದ ಅದೇ ಪದವನ್ನು ನೂರು ಭಾಗವತರು ಹೇಳಿರುತ್ತಾರೆ. ಆದರೆ ವೇಷ ಕಟ್ಟುವ ಚೌಕಿಯಲ್ಲಾಗಲಿ ಗದ್ದೆಯಲ್ಲಿ ಕೂತು ಆಟ ನೋಡುವವರಲ್ಲಾಗಲಿ ‘ಇದು ಇಂಥವರ ಪದದ ಕವರ್’ ಅನ್ನುವ ಮಾತೇ ಇಲ್ಲ. ‘ಬಲಿಪರ ಪದ’ ಅನ್ನುತ್ತಾರೆ. ಪದ ಬರೆದವರು ಹಳೆಯ ಪ್ರಸಂಗಕವಿ ಪಾರ್ತಿಸುಬ್ಬ ಇರಬಹುದು, ಇನ್ಯಾರೋ ಇರಬಹುದು. ಹೇಳಿದವರು ಬಲಿಪ ನಾರಾಯಣ ಭಾಗವತರು, ಹಾಗಾಗಿ ಅದು ಅವರದ್ದು. 2023ರಲ್ಲಿ ಅವರು ಹೋದರು, ‘ಬಲಿಪ ಶೈಲಿ’ ಹೋಗಲಿಲ್ಲ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಇವತ್ತಿಗೂ ಯಾರಾದರೂ ಆ ಥರ ಎಳೆದರೆ ‘ನಾವಡರ ಹಾಗೆ ಹೇಳಿದ’ ಅನ್ನುತ್ತಾರೆ. ‘ರ’ ಅನ್ನುವ ಒಂದೇ ಪ್ರತ್ಯಯ ಇಡೀ ಕೆಲಸ ಮಾಡಿಬಿಡುತ್ತದೆ.

ಆದರೂ ಬರೆಯುವಾಗ ಒಂದು ಪದ ಬೇಕಾಗುತ್ತದೆ. ಗುಂಪಿನಲ್ಲಿ ಬಂದವುಗಳಲ್ಲಿ ‘ಮರುಗಾಯನ’ಕ್ಕೆ ಸರ್ಕಾರಿ ಪ್ರಕಟಣೆಯ ವಾಸನೆ ಇದೆ. ‘ಪುನರ್ಗಾಯನ’ ಹೇಳಿದವರೇ ನಕ್ಕುಬಿಟ್ಟರು. ‘ಮರುಹಾಡು’ ನನಗೆ ಇಷ್ಟವಾಗಿತ್ತು. ಆದರೆ ಮಾಷ್ಟ್ರು ಒಪ್ಪಲಿಲ್ಲ. ‘ಅದು ನಾಟಕ ಕಂಪನಿಯ ಒನ್ಸ್ ಮೋರ್ ಆಯಿತು. ಅದನ್ನೇ ಅವರೇ ಇನ್ನೊಮ್ಮೆ ಹಾಡಿದ ಹಾಗೆ.’ ಹಾಡಿನ ಧಾಟಿಗೆ ‘ಮಟ್ಟು’ ಹಳೆಯ ಒಳ್ಳೆಯ ಪದ, ಯಕ್ಷಗಾನದವರಿಗೆ ಈಗಲೂ ಬೇಕಾದದ್ದು. ಆದರೆ ಉಡುಪಿಯಲ್ಲಿ ಮಟ್ಟು ಅಂದರೆ ಮಟ್ಟು ಊರಿನ ಗುಳ್ಳ ಬದನೆ ನೆನಪಾಗಿ ಬಾಯಲ್ಲಿ ನೀರು ಬರುತ್ತದೆ.

ನನ್ನ ಮತ ‘ಧಾಟಿ’ಗೆ. ಇದು ಯಾರೋ ಕೂತು ಕಟ್ಟಿದ ಪದ ಅಲ್ಲ, ಜನ ಬಳಸುತ್ತಿರುವ ಪದ. ನಾಡಗೀತೆಯ ಜಗಳ ನೆನಪಿದೆಯಲ್ಲ? ಅನಂತಸ್ವಾಮಿ ಧಾಟಿಯೋ ಅಶ್ವತ್ಥ್ ಧಾಟಿಯೋ ಅಂತ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರದ್ದು, ಎರಡೂವರೆ ನಿಮಿಷದೊಳಗೆ ಅಂತ ಆದೇಶ ಮಾಡಿತು. ಆಗ ಪೇಪರಿನವರೂ ಟೀವಿಯವರೂ ‘ಧಾಟಿ’ ಅಂತಲೇ ಬರೆದರು, ಯಾರಿಗೂ ಅರ್ಥ ಕೇಳಬೇಕಾಗಲಿಲ್ಲ. ಒಂದೇ ತೊಂದರೆ, ಧಾಟಿ ಅಂದರೆ ಹಾಡಿನ ನಡೆ, ಹಾಡಿದ ಕೃತಿ ಅಲ್ಲ. ರಾಗ, ನಡೆ ಏನೂ ಬದಲಾಯಿಸದೆ ಹಾಡಿದರೆ ಅದನ್ನು ‘ಅವರ ಧಾಟಿ’ ಅನ್ನಲು ಬರುವುದಿಲ್ಲ. ಈ ಗಾಯಕಿ ಬದಲಾಯಿಸಿದ್ದಾರೆ, ಹಾಗಾಗಿ ಇಲ್ಲಿ ನಡೆಯುತ್ತದೆ. ‘ಅಮ್ಮನ ಧಾಟಿಯ ಕೃಷ್ಣಾ ನೀ ಬೇಗನೆ’ ಅಂತ ಗುಂಪಿನಲ್ಲಿ ಹಾಕಿದೆ. ಮೂವರು ಹೆಬ್ಬೆರಳು ಎತ್ತಿದರು. ಒಬ್ಬ ಹುಡುಗ ‘ಅಂಕಲ್, ಕವರ್ ಅಂದ್ರೆ ಆಯ್ತಲ್ಲ, ಸುಮ್ನೆ ಯಾಕೆ?’ ಅಂದ.

ಮೊನ್ನೆ ಸಿಟ್ಟಾಗಿದ್ದ ಬೆಂಗಳೂರಿನವರಿಗೆ ಸಮಾಧಾನ ಹೇಳೋಣ ಅಂತ ಫೋನ್ ಮಾಡಿದೆ. ಮಣಿಪಾಲದ ಇಳಿಜಾರಿನಲ್ಲಿ ಬಸ್ಸಲ್ಲಿದ್ದೆ, ನೆಟ್‌ವರ್ಕ್ ಸರಿ ಇರಲಿಲ್ಲ. ಬಾಯಿ ತಪ್ಪಿ, ‘ನಿಮ್ಮ ಸ್ವರ ಸರಿ ಬರುವುದಿಲ್ಲ’ ಅಂದುಬಿಟ್ಟೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ನಗು ಕೇಳಿತು, ಪುಣ್ಯ.

ಈಗ ನಿಮ್ಮನ್ನು ಕೇಳುವುದು ಇದು. ಶಿವಮೊಗ್ಗ, ಸಾಗರದ ಕಡೆ ‘ಸ್ವರ’ ದನಿಯೋ ಸರಿಗಮವೋ? ಘಟ್ಟ ಇಳಿದ ಮೇಲೆ ಅರ್ಥ ಬದಲಾಗುವುದು ಸರಿಯಾಗಿ ಎಲ್ಲಿಂದ? ಧಾರವಾಡ, ಬೆಳಗಾವಿಯಲ್ಲಿ ಭಜನೆ ಮಂಡಳಿಯವರು ಬೇರೆಯವರ ಹಾಡನ್ನು ತಮ್ಮ ಬಗೆಯಲ್ಲಿ ಹಾಡಿದಾಗ ಏನನ್ನುತ್ತಾರೆ? ಕಲಬುರಗಿಯ ತತ್ತ್ವಪದದವರು? ಹಳೆಯ ಗ್ರಾಮೊಫೋನ್ ತಟ್ಟೆ, ಕ್ಯಾಸೆಟ್ ಹೊದಿಕೆಗಳ ಮೇಲೆ ಇದಕ್ಕೊಂದು ಕನ್ನಡ ಪದ ಅಚ್ಚಾದದ್ದನ್ನು ಯಾರಾದರೂ ನೋಡಿದ್ದರೆ ದಯವಿಟ್ಟು ಬರೆಯಿರಿ. ‘ತೊಟ್ಟೆ ಪದ’ ಮಾತ್ರ ಸೂಚಿಸಬೇಡಿ, ಅದು ಆಗಲೇ ಬಂದಾಗಿದೆ.