ಚಾಳಿನ ನೀರಿನ ವಿಡಿಯೋ ಲೋಕಲ್ ಕೇಬಲ್‌ನಲ್ಲಿ ಹಾಕಿಸಬಹುದಾ?

ಗುಡ್ಡದಮನೆ (ಭಾಂಡುಪ್)

ಎಲ್ಲರಿಗೂ ನಮಸ್ಕಾರ. ನಾವಿರುವುದು ಭಾಂಡುಪ್ ಪಶ್ಚಿಮದಲ್ಲಿ, ಗುಡ್ಡದ ಇಳಿಜಾರಿನ ಒಂದು ಚಾಳಿನಲ್ಲಿ. ನಮ್ಮ ಸಾಲಿಗೆ ನೀರು ಬರುವುದು ಬೆಳಗಿನ ಜಾವ ನಾಲ್ಕಕ್ಕೆ, ಅದೂ ಅರ್ಧ ಗಂಟೆ. ಕೆಳಗಿನವರು ಪೈಪಿಗೆ ಮೋಟರ್ ಹಾಕಿದರೆ ನಮ್ಮ ನಲ್ಲಿಯಲ್ಲಿ ಬರೀ ಗಾಳಿ. ಮುಂಬಯಿಯ ಬಹುಪಾಲು ನೀರು ಶುದ್ಧವಾಗಿ ಹೊರಡುವುದು ಇದೇ ಭಾಂಡುಪ್‌ನ ಘಟಕದಿಂದ. ಅದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಮಗಳು ಮೂರು ವಾರ ನಾಲ್ಕಕ್ಕೇ ಎದ್ದು ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದಾಳೆ. ಕೊಡಗಳ ಸಾಲು, ಜಗಳ, ಪಕ್ಕದ ಖೋಲಿಯ ಅಜ್ಜಿ ಕಲಬುರಗಿ ಕನ್ನಡದಲ್ಲಿ ಎಲ್ಲರನ್ನೂ ಬೈಯುವುದು, ಎಲ್ಲ ಸೇರಿ 18 ನಿಮಿಷ.

ಅಮೆರಿಕದಲ್ಲಿರುವ ನನ್ನ ತಮ್ಮ ಹೇಳಿದ, ಅವನ ಊರಿನ ಕೇಬಲ್‌ನಲ್ಲಿ ಪಬ್ಲಿಕ್ ಆಕ್ಸೆಸ್ ಅಂತ ಚಾನೆಲ್ ಇದೆಯಂತೆ, ಊರಿನವರು ಯಾರು ಬೇಕಾದರೂ ತಾವೇ ಮಾಡಿದ ಕಾರ್ಯಕ್ರಮ ಕೊಟ್ಟರೆ ಹಾಕುತ್ತಾರಂತೆ. ನಮ್ಮಲ್ಲಿ ಅಂಥದ್ದು ಇದೆಯಾ? ನಮ್ಮ ಕೇಬಲ್‌ನವನನ್ನು ಕೇಳಿದರೆ "ನನ್ನ ಕೈಯಲ್ಲಿ ಏನೂ ಇಲ್ಲ" ಅಂದ. ಸುಳ್ಳು ಹೇಳುತ್ತಿದ್ದಾನಾ?

ಹಳೇಕೇಬಲಣ್ಣ (ಮುಲುಂಡ್)

ಸುಳ್ಳಲ್ಲ ಅಕ್ಕಾ. ಪಾಪ, ಅವನು ಈಗ ಬಿಲ್ ವಸೂಲಿ ಮಾಡುವವನು ಅಷ್ಟೇ.

ನಾನು 1993ರಿಂದ ಇಪ್ಪತ್ತು ವರ್ಷ ಕೇಬಲ್ ನಡೆಸಿದೆ. ಆಗ ಲೋಕಲ್ ಚಾನೆಲ್ ಅಂದರೆ ಏನು ಗೊತ್ತಾ, ಒಂದು ವಿಸಿಆರ್, ಅದರ ಚಿತ್ರವನ್ನು ವೈರಿಗೆ ಚಾನೆಲ್ ಆಗಿ ಹತ್ತಿಸುವ ಒಂದು ಮಾಡ್ಯುಲೇಟರ್, ಟೆರೇಸಿನಿಂದ ಟೆರೇಸಿಗೆ ಎಳೆದ ವೈರು. ಗಣಪತಿ ವಿಸರ್ಜನೆ, ಕನ್ನಡ ಸಂಘದ ಯಕ್ಷಗಾನ, ಯಾರದೋ ಮದುವೆ, ಎಲ್ಲ ಹಾಕುತ್ತಿದ್ದೆ. ಯಾರ ಅನುಮತಿಯೂ ಬೇಕಿರಲಿಲ್ಲ, ಅಥವಾ ಬೇಕಿದ್ದರೂ ನಾವು ಕೇಳುತ್ತಿರಲಿಲ್ಲ. 1995ರಲ್ಲಿ ಕೇಬಲ್ ಕಾನೂನು ಬಂತು, ಪೋಸ್ಟ್ ಆಫೀಸಿನಲ್ಲಿ ಹೆಸರು ನೋಂದಾಯಿಸಿದೆವು, ಮತ್ತೆ ಅದೇ ಕೆಲಸ.

ಎಲ್ಲ ಬದಲಾದದ್ದು ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ. ಮುಂಬಯಿಯಲ್ಲಿ 2012ರ ಅಕ್ಟೋಬರ್ ಕೊನೆಗೆ ಬಾಕ್ಸ್ ಇಲ್ಲದೆ ಬರುತ್ತಿದ್ದ ಹಳೆಯ ಅನಲಾಗ್ ಕೇಬಲ್ ನಿಂತಿತು, ಪುಣೆಯಲ್ಲಿ 2013ರ ಮಾರ್ಚ್ ಕೊನೆಯ ಗಡುವು. ಈಗ ಸಿಗ್ನಲ್ ದೊಡ್ಡ ಕಂಪನಿಯ ಹೆಡ್‌ಎಂಡ್‌ನಲ್ಲೇ, ಅಂದರೆ ಎಲ್ಲ ಚಾನೆಲ್ ಒಟ್ಟುಗೂಡಿಸಿ ಕಳಿಸುವ ಕೇಂದ್ರದಲ್ಲೇ, ಬೀಗ ಹಾಕಿಕೊಂಡು ಬರುತ್ತದೆ, ಬೀಗ ತೆಗೆಯುವುದು ನಿಮ್ಮ ಮನೆಯ ಬಾಕ್ಸು. ಮಧ್ಯದಲ್ಲಿ ಕೂತ ನಮ್ಮಂಥವರು ಒಂದು ಕ್ಯಾಸೆಟ್ ತೂರಿಸುವುದಕ್ಕೂ ಜಾಗ ಇಲ್ಲ.

ಆ ದೊಡ್ಡ ಕಂಪನಿಗಳಿಗೆ ಸ್ವಂತ ಲೋಕಲ್ ಚಾನೆಲ್ ಇದೆ, ಸರ್ಕಾರಿ ಭಾಷೆಯಲ್ಲಿ ಪ್ಲಾಟ್‌ಫಾರ್ಮ್ ಸರ್ವಿಸ್. 2022ರ ನವೆಂಬರ್‌ನಲ್ಲಿ ಕೇಂದ್ರ ಅದಕ್ಕೆ ನಿಯಮ ಮಾಡಿತು. ಒಟ್ಟು ಚಾನೆಲ್ ಸಾಮರ್ಥ್ಯದ ಶೇ. 5ಕ್ಕಿಂತ ಜಾಸ್ತಿ ಇರಬಾರದು, ಚಾನೆಲ್‌ಗೆ ಒಂದು ಸಲ 1,000 ರೂಪಾಯಿ ನೋಂದಣಿ. ಸಾವಿರ ರೂಪಾಯಿ ಅಂತ ಖುಷಿಪಡಬೇಡಿ, ಅದು ಕಂಪನಿಗೆ, ನಿಮಗಲ್ಲ. ಅಲ್ಲಿ ಏನು ಹಾಕಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ನಮ್ಮ ಕಡೆ ನೋಡಿದರೆ ಬರೀ ಸಿನಿಮಾ ಮತ್ತು ಪುಢಾರಿಗಳ ಹುಟ್ಟುಹಬ್ಬ.

ಇನ್ನೊಂದು ಮಾತು. ಹಳೆಯ ಕಾಲ ಸ್ವರ್ಗ ಆಗಿತ್ತು ಅಂದುಕೊಳ್ಳಬೇಡಿ. ಒಮ್ಮೆ ನಾಲಾ ಕಸದ ಬಗ್ಗೆ ಹುಡುಗರು ಮಾಡಿದ ಕ್ಯಾಸೆಟ್ ಹಾಕಿದ್ದೆ, ಮೂರನೇ ದಿನ ರಾತ್ರಿ ನನ್ನ ಮೇನ್ ವೈರ್ ಯಾರೋ ಕತ್ತರಿಸಿದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಅಂದರೆ ಗೊತ್ತಿದೆ, ಹೇಳುವುದಿಲ್ಲ.

ಬಾಣೇರ್‌ಭಟ್ಟ (ಪುಣೆ)

ನಾನು ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್‌ನಲ್ಲಿ ಆರು ವರ್ಷ ಇದ್ದೆ, ಆ ಚಾನೆಲ್ ನೋಡಿದ್ದೇನೆ. ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಅದು ಕೇಬಲ್‌ನವರ ಧರ್ಮ ಅಂದುಕೊಳ್ಳಬೇಡಿ. ಲೆಕ್ಕ ಹೀಗೆ. ಬೀದಿ ಊರಿನದು. ಆ ಬೀದಿ ಅಗೆದು ವೈರ್ ಎಳೆಯಬೇಕಾದರೆ ಕಂಪನಿ ಊರಿನ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಊರು ಬಾಡಿಗೆಯ ಹಾಗೆ ಕೇಬಲ್ ಆದಾಯದ ಶೇ. 5ರವರೆಗೆ ಕೇಳಬಹುದು, ಜೊತೆಗೆ ಜನರಿಗೆ, ಶಾಲೆಗೆ, ಸ್ಥಳೀಯ ಆಡಳಿತಕ್ಕೆ ಅಂತ ಚಾನೆಲ್ ಬಿಟ್ಟುಕೊಡು ಅನ್ನಬಹುದು. ಇದನ್ನು ಕಾನೂನಿನಲ್ಲಿ ಬರೆದದ್ದು 1984ರಲ್ಲಿ.

ಅದಕ್ಕೂ ಮುಂಚೆ ದೊಡ್ಡ ಜಗಳ ಆಗಿತ್ತು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 1971ರಲ್ಲೇ ಇಂಥ ಚಾನೆಲ್ ಶುರುವಾಯಿತು. ಅದೇ ವರ್ಷ ಜಾರ್ಜ್ ಸ್ಟೋನಿ ಮತ್ತು ರೆಡ್ ಬರ್ನ್ಸ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಜನರಿಗೆ ಕ್ಯಾಮೆರಾ ಕಲಿಸುವ ಕೇಂದ್ರ ತೆರೆದರು. ಸ್ಟೋನಿಯವರನ್ನು ಪಬ್ಲಿಕ್ ಆಕ್ಸೆಸ್‌ನ ಪಿತಾಮಹ ಅಂತಲೇ ಕರೆಯುತ್ತಾರೆ. ಸೋನಿ ಕಂಪನಿಯ ಹೆಗಲಿಗೆ ಹಾಕಿಕೊಳ್ಳುವ ವಿಡಿಯೋ ಕ್ಯಾಮೆರಾ ಆಗಷ್ಟೇ ಬಂದಿತ್ತು. 1972ರಲ್ಲಿ ದೊಡ್ಡ ನಗರಗಳ ಕೇಬಲ್ ಕಂಪನಿಗಳಿಗೆ ಇದು ಕಡ್ಡಾಯ ಅಂತ ಸರ್ಕಾರಿ ಆಯೋಗ ಹೇಳಿತು, 1979ರಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರ ಆಯೋಗಕ್ಕಿಲ್ಲ ಅಂತ ಹೊಡೆದುಹಾಕಿತು.

ಬರ್ಲಿಂಗ್‌ಟನ್ ಕಥೆ ಹೇಳಲೇಬೇಕು. ಬರ್ನಿ ಸ್ಯಾಂಡರ್ಸ್ 1981ರಲ್ಲಿ ಬರೀ 10 ಮತಗಳಿಂದ ಆ ಊರಿನ ಮೇಯರ್ ಆದವರು. ಆಮೇಲೆ ಇದೇ ಪಬ್ಲಿಕ್ ಆಕ್ಸೆಸ್‌ನಲ್ಲಿ ಸ್ವಂತ ಕಾರ್ಯಕ್ರಮ ಮಾಡಿದರು. ಮೈಕ್ ಹಿಡಿದು ಊರಿನಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವುದು. ಹಳೆಯ ಟೇಪ್ ನೋಡಿದರೆ ಬೆಳಕು ಸರಿಯಿಲ್ಲ, ಧ್ವನಿ ಸರಿಯಿಲ್ಲ, ಆದರೂ ಕೂತು ನೋಡಿಸಿಕೊಳ್ಳುತ್ತದೆ.

ನನಗೆ ಅಲ್ಲಿ ಇಷ್ಟವಾದದ್ದು ಚಾನೆಲ್ ಅಲ್ಲ, ಅದರ ಹಿಂದಿನ ಸಣ್ಣ ಸ್ಟುಡಿಯೋ. ಕ್ಯಾಮೆರಾ ಎರವಲು ಕೊಡುತ್ತಾರೆ, ಎಡಿಟಿಂಗ್ ಕಲಿಸುತ್ತಾರೆ. ಆ ಶೇ. 5ರ ದುಡ್ಡಿನಲ್ಲೇ ಇದೆಲ್ಲ. ಈಗ ಜನ ಕೇಬಲ್ ಬಿಟ್ಟು ಇಂಟರ್‌ನೆಟ್ ಕಡೆ ಹೋಗುತ್ತಿರುವುದರಿಂದ ಆ ದುಡ್ಡೂ ಕರಗುತ್ತಿದೆ.

ಸುಮ್ನೆಒಂದ್ಮಾತು

ಎಲ್ಲರಿಗೂ ಬಾಗಿಲು ತೆರೆದರೆ ಯಾರು ಬೇಕಾದರೂ ಒಳಗೆ ಬರುತ್ತಾರೆ, ಅದನ್ನೂ ಹೇಳಿ ಭಟ್ಟರೇ. 1988ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಕರಿಯರನ್ನು ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್‌ನವರು ನಮಗೂ ಸಮಯ ಕೊಡಿ ಅಂತ ಬಂದರು. ನಗರಸಭೆ ಏನು ಮಾಡಿತು, ಚಾನೆಲನ್ನೇ ಮುಚ್ಚಲು ನಿರ್ಧರಿಸಿತು! ಕೇಸ್ ಆಯಿತು, ಮರುವರ್ಷ ಮತ್ತೆ ತೆರೆಯಬೇಕಾಯಿತು. ನಮ್ಮ ಮುಂಬಯಿಯಲ್ಲಿ ಇಂಥ ಚಾನೆಲ್ ಇದ್ದರೆ ಮೊದಲ ವಾರವೇ ಗಲಾಟೆ, ಅಲ್ವಾ?

ಯೂಟ್ಯೂಬ್ ಇರುವಾಗ ಕೇಬಲ್ ಯಾಕೆ? ಹಾಕಿ ಬಿಡಿ.

ಗುಡ್ಡದಮನೆ (ಭಾಂಡುಪ್)

ಹಾಕಿದೆವು ಸರ್. ಒಂದು ತಿಂಗಳಲ್ಲಿ 212 ಜನ ನೋಡಿದ್ದಾರೆ, ಅದರಲ್ಲಿ ಅರ್ಧ ಮಂಗಳೂರಿನ ನಮ್ಮ ನೆಂಟರು. ದೊಡ್ಡಮ್ಮ ಫೋನ್ ಮಾಡಿ "ಮಗಳು ಸಣ್ಣಗಾಗಿದ್ದಾಳೆ" ಅಂದರು. ನಮ್ಮ ಗಲ್ಲಿಯ ಕೆಳಗಿನ ಸಾಲಿನವರು, ಮೋಟರ್ ಹಾಕುವವರು, ಅವರೇ ನೋಡಿಲ್ಲ. ಊರಿನ ಚಾನೆಲ್ ಅಂತ ಕೇಳಿದ್ದು ಅದಕ್ಕೇ.

ರಾತ್ರಿಶಾಲೆಟೀಚರ್ (ಮಾಟುಂಗಾ)

ನಿಮ್ಮ ಕೊನೆಯ ಎರಡು ಸಾಲಿನಲ್ಲೇ ಉತ್ತರ ಇದೆ. ನೋಡಬೇಕಾದವರು ಇನ್ನೂರು ಜನ, ಅವರೆಲ್ಲ ನೂರು ಮೀಟರ್ ಒಳಗೆ ಇದ್ದಾರೆ. ಬಿಳಿ ಬಟ್ಟೆ ಕಟ್ಟಿ ಗಲ್ಲಿಯಲ್ಲೇ ತೋರಿಸಿ.

ಇದು ನಾನು ಕಂಡುಹಿಡಿದದ್ದಲ್ಲ. ಗೋವಾದಲ್ಲಿ ವಿಡಿಯೋ ವಾಲಂಟಿಯರ್ಸ್ ಅಂತ ಸಂಸ್ಥೆ ಇದೆ, 2003ರಿಂದ ಹಳ್ಳಿಯವರಿಗೆ, ಬಸ್ತಿಯವರಿಗೆ ಕ್ಯಾಮೆರಾ ಕಲಿಸುತ್ತಿದೆ. ಮಾಡಿದ್ದನ್ನು ಅಲ್ಲೇ ಜನರ ಮುಂದೆ ತೋರಿಸಿ ಚರ್ಚೆ ಮಾಡಿಸುತ್ತಾರೆ. ಎಷ್ಟೋ ವಿಡಿಯೋಗಳ ಕೊನೆಗೆ ಸಂಬಂಧಪಟ್ಟ ಅಧಿಕಾರಿಯ ಆಫೀಸ್ ನಂಬರ್ ಹಾಕಿ ಫೋನ್ ಮಾಡಿ ಅನ್ನುತ್ತಾರೆ. ಆ ನಂಬರ್ ಹಾಕುವ ಬುದ್ಧಿ ನನಗೆ ಭಾರಿ ಹಿಡಿಸಿತು. ಇನ್ನು ನಮ್ಮ ಕೋಲಾರದ ಬೂದಿಕೋಟೆ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಲೈಸೆನ್ಸ್ ಸಿಗುವಂತಾದದ್ದು 2006ರಲ್ಲಿ. ಅದಕ್ಕೆ ಮುಂಚೆಯೇ ಅಲ್ಲಿನ 'ನಮ್ಮ ಧ್ವನಿ'ಯವರು ಕೇಬಲ್ ವೈರ್‌ನಲ್ಲೇ ಧ್ವನಿ ಹರಿಸಿ ಮನೆಮನೆಗೆ ಮುಟ್ಟಿಸಿದ್ದರು. ಸಮುದಾಯ ರೇಡಿಯೋಗೆ ಹೋಗೋಣ ಅಂತ ಯಾರಾದರೂ ಹೇಳಿದರೆ ಒಂದು ವಿಷಯ ತಿಳಿದಿರಲಿ, ಅಲ್ಲಿ ಸ್ವಂತ ಸುದ್ದಿ ಹೇಳುವ ಹಾಗಿಲ್ಲ, ಆಕಾಶವಾಣಿಯ ಸುದ್ದಿ ಮಾತ್ರ.

ತೋರಿಸುವ ಮುಂಚೆ ಎರಡು ಕಡೆ ಕತ್ತರಿ ಹಾಕಿ. ಮೋಟರ್ ತೋರಿಸಿ, ಮೋಟರ್ ಹಾಕಿದವರ ಮುಖ ಬೇಡ. ಮುಖ ಕಂಡರೆ ಮಾತು ನೀರಿನ ಮೇಲೆ ಇರುವುದಿಲ್ಲ, ಜಗಳಕ್ಕೆ ತಿರುಗುತ್ತದೆ. ವಾಲ್ವ್ ತಿರುಗಿಸುವ ಚಾವಿವಾಲಾನ ಮುಖವೂ ಬೇಡ, ಅವನು ಹೇಳಿದಷ್ಟು ಹೊತ್ತು ತಿರುಗಿಸುವವನು, ಅವನ ಕೆಲಸಕ್ಕೆ ಕುತ್ತು ತರಬೇಡಿ. ಅಜ್ಜಿಯ ಬೈಗುಳ ಮಾತ್ರ ಪೂರ್ತಿ ಇರಲಿ, ಕೆಳಗೆ ಮರಾಠಿ ಅಕ್ಷರ ಹಾಕಿ. ನಿಮ್ಮ ಗಲ್ಲಿಯಲ್ಲಿ ಮರಾಠಿಯವರು, ಉತ್ತರದ ಭಯ್ಯಾಗಳು ಎಲ್ಲ ಇರುತ್ತಾರೆ ಅಲ್ವಾ, ಇದು ಕನ್ನಡದವರ ಗೋಳು ಮಾತ್ರ ಅಂತ ಆಗಬಾರದು.

ಅದೇ ದಿನ ಒಂದು ಮೇಜು ಹಾಕಿ ಮಾಹಿತಿ ಹಕ್ಕಿನ ಅರ್ಜಿ ಬರೆಸಿ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್. 30 ದಿನದಲ್ಲಿ ಉತ್ತರ ಕೊಡಬೇಕು. "ನಮಗೆ ನೀರು ಯಾಕಿಲ್ಲ" ಅಂತ ಬರೆಯಬೇಡಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. "ಈ ಗಲ್ಲಿಯ ವಾಲ್ವ್ ತೆರೆಯುವ, ಮುಚ್ಚುವ ನಿಗದಿತ ಸಮಯದ ದಾಖಲೆಯ ಪ್ರತಿ ಕೊಡಿ" ಅಂತ ಬರೆಯಿರಿ. ಆಮೇಲೆ ಮಗಳ ವಿಡಿಯೋದಲ್ಲಿರುವ ಗಡಿಯಾರದ ಸಮಯ, ಅವರ ಕಾಗದದ ಸಮಯ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ವಾರ್ಡ್ ಆಫೀಸಿಗೆ ಹೋಗಿ.

ಗುಡ್ಡದಮನೆ (ಭಾಂಡುಪ್)

ಟೀಚರ್, ಮಗಳಿಗೆ ಓದಿ ಹೇಳಿದೆ. ಗಡಿಯಾರದ ವಿಷಯ ಕೇಳಿ ತಲೆ ಚಚ್ಚಿಕೊಂಡಳು, ಸಮಯ ಕಾಣುವ ಹಾಗೆ ತೆಗೆದದ್ದು ನಾಲ್ಕೇ ದಿನವಂತೆ. ನಾಳೆಯಿಂದ ಗೋಡೆ ಗಡಿಯಾರವನ್ನೇ ನಲ್ಲಿಯ ಪಕ್ಕ ನೇತುಹಾಕುತ್ತೇವೆ. ಗಣಪತಿ ಮಂಡಲದವರು ಸ್ಪೀಕರ್ ಕೊಡಲು ಒಪ್ಪಿದ್ದಾರೆ, ಅವರಲ್ಲಿ ಇಬ್ಬರು ಕೆಳಗಿನ ಸಾಲಿನವರೇ! ಮುಂದಿನ ತಿಂಗಳ ಮೊದಲ ಭಾನುವಾರ ರಾತ್ರಿ ಎಂಟಕ್ಕೆ. ಮುಲುಂಡ್, ನಾಹೂರ್ ಕಡೆ ಯಾರ ಹತ್ತಿರವಾದರೂ ಪ್ರೊಜೆಕ್ಟರ್ ಇದೆಯಾ?

ಹಳೇಕೇಬಲಣ್ಣ (ಮುಲುಂಡ್)

ಪ್ರೊಜೆಕ್ಟರ್ ನನ್ನ ಅಳಿಯನ ಆಫೀಸಿನಲ್ಲಿದೆ, ಕೇಳುತ್ತೇನೆ. ಏಣಿ ಮತ್ತು ಐವತ್ತು ಮೀಟರ್ ವೈರ್ ನನ್ನದೇ, ಅಟ್ಟದಲ್ಲಿ ಬಿದ್ದಿದೆ. ಆರಕ್ಕೇ ಬರುತ್ತೇನೆ ಅಕ್ಕಾ, ಬೆಳಕಿರುವಾಗ ಕಟ್ಟಬೇಕು.