‘ಫಲವತ್ತತೆ ದರ’ ಅನ್ನೋ ಪದ ಸರಿಯಾ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮ ಅತ್ತಿಗೆ ಅಲ್ಲಿ ಆಶಾ ಕಾರ್ಯಕರ್ತೆ. ಮದುವೆಯಾಗಿ ಒಂದು ವರ್ಷವಾದ ಹುಡುಗಿಯೊಬ್ಬಳು ಪೇಪರ್ ಹಿಡಿದುಕೊಂಡು ಬಂದಳು. ‘ಅಕ್ಕಾ, ರಾಜ್ಯದಲ್ಲಿ ಫಲವತ್ತತೆ ಕುಸಿದಿದೆ ಅಂತ ಬರೆದಿದ್ದಾರೆ. ನಮ್ಮ ಹೆಣ್ಣುಮಕ್ಕಳಿಗೆ ಏನಾಗಿದೆ? ನೀರಿಂದ ಹೀಗಾಗ್ತಿದೆಯಾ?’ ಅಂತ ಕೇಳಿದಳು. ನಿಜವಾಗಿಯೂ ಹೆದರಿದ್ದಳು.

ಸುದ್ದಿಯಲ್ಲಿದ್ದದ್ದು ಟಿಎಫ್‌ಆರ್ ಲೆಕ್ಕ. ಅಂದರೆ ಟೋಟಲ್ ಫರ್ಟಿಲಿಟಿ ರೇಟ್, ಕನ್ನಡದಲ್ಲಿ ‘ಒಟ್ಟು ಫಲವತ್ತತೆ ದರ’ ಅಂತ ಬರೆಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ಕರ್ನಾಟಕಕ್ಕೆ 1.7, ಇಡೀ ದೇಶಕ್ಕೆ 2.0, ಬಿಹಾರಕ್ಕೆ 3.0. ಈಗ ಯಾವ ವಯಸ್ಸಿನಲ್ಲಿ ಎಷ್ಟು ಹೆರಿಗೆ ಆಗುತ್ತಿವೆಯೋ ಹಾಗೇ ಮುಂದುವರಿದರೆ, ಒಬ್ಬ ಹೆಣ್ಣಿಗೆ 15ರಿಂದ 49ರೊಳಗೆ ಸರಾಸರಿ ಎಷ್ಟು ಮಕ್ಕಳಾಗಬಹುದು ಅನ್ನೋದು ಇದರ ಅರ್ಥ. ಹೆರುವ ಶಕ್ತಿಯ ಮಾತು ಇದರಲ್ಲಿ ಇಲ್ಲವೇ ಇಲ್ಲ. ಒಂದೇ ಮಗು ಸಾಕು ಅಂದುಕೊಂಡವರೂ, ಮದುವೆಯೇ ಬೇಡ ಅಂದವರೂ ಈ ಸರಾಸರಿಯಲ್ಲಿದ್ದಾರೆ.

‘ಫಲವತ್ತು’ ನಮಗೆ ಮಣ್ಣಿನ ಮಾತು. ಹೊಲದ ಫಲವತ್ತತೆ ಹೋಯ್ತು ಅಂದರೆ ಬೆಳೆ ಬರಲ್ಲ, ಗೊಬ್ಬರ ಹಾಕಬೇಕು. ಅದೇ ಪದವನ್ನು ಹೆಣ್ಣಿಗೆ ಹಚ್ಚಿದರೆ ಬಂಜೆತನದ ನೆನಪಾಗದೆ ಇರುತ್ತದೆಯೇ? ಬಂಜೆ ಅನ್ನೋ ಮಾತಿನಿಂದ ನಮ್ಮ ಹೆಣ್ಣುಮಕ್ಕಳು ಪಟ್ಟ ಪಾಡು ಸಣ್ಣದಲ್ಲ. ಜನಸಂಖ್ಯೆ ಓದುವವರು ಹೆರುವ ಶಕ್ತಿಗೆ ಫೆಕಂಡಿಟಿ, ಹೆತ್ತ ಲೆಕ್ಕಕ್ಕೆ ಫರ್ಟಿಲಿಟಿ ಅಂತ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ. ಡಾಕ್ಟರುಗಳು ಶಕ್ತಿಗೇ ಫರ್ಟಿಲಿಟಿ ಅನ್ನುತ್ತಾರೆ. ಗೊಂದಲ ಅಲ್ಲೇ ಇತ್ತು, ಕನ್ನಡದಲ್ಲಿ ಜಾಸ್ತಿ ಆಯಿತು.

‘ಜನನ ದರ’ ಅನ್ನೋಣವೇ? ಅದು 1000 ಜನಕ್ಕೆ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದವು ಅನ್ನೋ ಬೇರೆ ಲೆಕ್ಕ. ‘ಸಂತಾನೋತ್ಪತ್ತಿ ದರ’ ಕೇಳಿದರೆ ದನಕರುಗಳ ಪಾಠ ನೆನಪಾಗುತ್ತದೆ. ‘ತಾಯಿಗೆ ಸರಾಸರಿ ಮಕ್ಕಳು’ ಅಂದರೆ ಮಕ್ಕಳಿಲ್ಲದವರು ಹೊರಗುಳಿದುಬಿಡುತ್ತಾರೆ. ಸದ್ಯಕ್ಕೆ ನನಗೆ ಒಪ್ಪುವುದು ‘ಹೆಣ್ಣಿಗೆ ಸರಾಸರಿ ಮಕ್ಕಳು’. ಉದ್ದವಾಯಿತು, ನಿಜ. ಆದರೆ ಯಾರೂ ಹೆದರುವುದಿಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. ಫಲವತ್ತತೆ ಕುಸಿತ ಅಂದರೆ ಜನ ಔಷಧಿ ಹುಡುಕುತ್ತಾರೆ. ಮಕ್ಕಳ ಸಂಖ್ಯೆ ಕಡಿಮೆಯಾಯಿತು ಅಂದರೆ ಬೇರೆ ಪ್ರಶ್ನೆಗಳು ಏಳುತ್ತವೆ: ಖಾಲಿಯಾಗುತ್ತಿರುವ ಊರ ಶಾಲೆ ಏನಾಗಬೇಕು, ವಯಸ್ಸಾದವರನ್ನು ಯಾರು ನೋಡಿಕೊಳ್ಳಬೇಕು, ಜನಸಂಖ್ಯೆ ನೋಡಿ ಲೋಕಸಭೆ ಸೀಟು ಹಂಚಿದರೆ ನಮ್ಮ 28ರ ಪಾಲು ಏನಾಗುತ್ತದೆ? ಕಡಿಮೆ ಮಕ್ಕಳು ಸಾಕು ಅಂತ ಹಿಂದೆ ಸರ್ಕಾರದವರೇ ಗೋಡೆಗಳ ಮೇಲೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಅಂತ ಬರೆದು ಕಲಿಸಿದರು. ಮೈಸೂರು ಸಂಸ್ಥಾನವಂತೂ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಪಕ್ಕದ ಆಂಧ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನೋ ನಿಯಮವಿತ್ತು, 2024ರಲ್ಲಿ ತೆಗೆದುಹಾಕಿದರು. ಮಕ್ಕಳು ಕಡಿಮೆಯಾಗಿದ್ದು ಹೆಣ್ಣುಮಕ್ಕಳ ದೇಹ ಕೆಟ್ಟಿದ್ದರಿಂದ ಅಲ್ಲ. ಅವರು ಓದಿದರು, ತಡವಾಗಿ ಮದುವೆಯಾದರು, ಯೋಚಿಸಿ ನಿರ್ಧರಿಸಿದರು. ನಾವು ಬಳಸುವ ಪದ ಅದನ್ನು ಮರೆಮಾಡಬಾರದು.

ಇನ್ನೊಂದು ಪದವೂ ಬೇಕು. ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ಜನ ಬರಲು ಹೆಣ್ಣಿಗೆ ಸುಮಾರು 2.1 ಮಕ್ಕಳು ಬೇಕು. ಇದಕ್ಕೆ ‘ಬದಲಿ ಮಟ್ಟ’ ಅಂತ ಬರೆಯುತ್ತಾರೆ. ಯಾರಿಗೆ ಯಾರು ಬದಲಿ? ‘ಸರಿದೂಗುವ ಮಟ್ಟ’ ಅಂದರೆ ಹೇಗಿರುತ್ತದೆ?

ನಿಮ್ಮ ಕಡೆ, ಅದರಲ್ಲೂ ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ, ಒಬ್ಬಾಕೆ ಒಟ್ಟು ಎಷ್ಟು ಹೆತ್ತಳು ಅನ್ನೋದಕ್ಕೆ ಸೂಲಗಿತ್ತಿಯರು, ಹಿರಿಯರು ಬಳಸುವ ಮಾತು ಇದೆಯಾ? ಇದ್ದರೆ ದಯವಿಟ್ಟು ತಿಳಿಸಿ.